ಮಂಪರು ಸೂಜಿ ಎಂದರೇನು? ಅದಕ್ಕೂ ಬೆಳಗಿನ ಅರ್ಧ ಕಪ್ ಚಹಾಕ್ಕೂ ಏನು ಸಂಬಂಧ?

ಕಳೆದ ಬೇಸಿಗೆಯಲ್ಲಿ ನಮ್ಮ ಚಿಗವ್ವ ಚಿತ್ತಾಪುರ ತಾಲ್ಲೂಕಿನ ತನ್ನ ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಕಲಬುರಗಿಗೆ ಬಂದಳು. ಹಲವು ತಿಂಗಳಿಂದ ಎದೆಯುರಿ, ಉಂಡದ್ದು ಜೀರ್ಣವಾಗದೆ ಮೇಲಕ್ಕೆ ಬರುವುದು. ಬಾಯಿಯ ಮೂಲಕ ಹೊಟ್ಟೆಗೆ ಕ್ಯಾಮೆರಾ ಇಳಿಸಿ ನೋಡಬೇಕು, ಅಂದರೆ ಎಂಡೋಸ್ಕೋಪಿ ಮಾಡಬೇಕು ಎಂದು ವೈದ್ಯರು ದಿನ ಗೊತ್ತು ಮಾಡಿದ್ದರು. ಆಕೆ ತುಂಬಾ ಹೆದರಿದ್ದರಿಂದ ಮಂಪರು ಬರುವ ಸೂಜಿ ಕೊಟ್ಟೇ ಮಾಡೋಣ ಎಂದಿದ್ದರು.

"ಬೆಳಿಗ್ಗೆ ಏನಾದರೂ ತಿಂದಿದ್ದೀರಾ?" ಎಂದು ಸಿಸ್ಟರ್ ಕೇಳಿದರು.

"ಏನೂ ಇಲ್ಲ."

"ಕುಡಿದಿದ್ದೀರಾ?"

"ಬಸ್ ನಿಲ್ದಾಣದಲ್ಲಿ ಅರ್ಧ ಕಪ್ ಚಹಾ. ಚಹಾ ಏನು ಊಟವೇ, ಯವ್ವಾ?"

ಅಷ್ಟೇ. ಆ ದಿನದ ಪರೀಕ್ಷೆ ರದ್ದಾಯಿತು, ಎರಡು ದಿನ ಬಿಟ್ಟು ಬನ್ನಿ ಎಂದರು. ಅರ್ಧ ಕಪ್ ಚಹಾದಿಂದ ಆಗುವುದಾದರೂ ಏನು ಎಂದು ಯಾರೂ ಬಿಡಿಸಿ ಹೇಳಲಿಲ್ಲ. ನನಗೂ ಗೊತ್ತಿರಲಿಲ್ಲ. ಆ ಎರಡು ದಿನಗಳಲ್ಲಿ ಓದಿ, ಅರಿವಳಿಕೆ ತಜ್ಞರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೀದರ್, ಯಾದಗಿರಿ, ಕಲಬುರಗಿಯ ಎಷ್ಟೋ ಮನೆಗಳಲ್ಲಿ ಈಗ ಎಂಡೋಸ್ಕೋಪಿ, ಎಂಆರ್‌ಐ, ಆಂಜಿಯೋಗ್ರಾಂ ಎಂಬ ಮಾತುಗಳು ಕೇಳಿಬರುತ್ತಿವೆ. ಅವುಗಳ ಬೆನ್ನಿಗೇ ಈ ಸೂಜಿಯ ಮಾತೂ ಬರುತ್ತದೆ.

ಮಂಪರು ಬೇರೆ, ಅರಿವಳಿಕೆ ಬೇರೆ

ನಮ್ಮಲ್ಲಿ ಎಲ್ಲದಕ್ಕೂ ಒಂದೇ ಹೆಸರು: ಬೇಹೋಶ್ ಮಾಡುವ ಸೂಜಿ. ಆದರೆ ಆಸ್ಪತ್ರೆಯಲ್ಲಿ ಅದು ಮೂರು ಬೇರೆ ಬೇರೆ ಕೆಲಸ.

ಹಲ್ಲು ಕೀಳುವಾಗ ವಸಡಿಗೆ ಕೊಡುವ ಸೂಜಿ ಆ ಜಾಗವನ್ನು ಮಾತ್ರ ಮರಗಟ್ಟಿಸುತ್ತದೆ. ಹೆರಿಗೆಯ ಶಸ್ತ್ರಚಿಕಿತ್ಸೆಗೆ ಬೆನ್ನಿಗೆ ಕೊಡುವ ಸೂಜಿಯೂ ಇದೇ ಜಾತಿಯದು. ಸೊಂಟದ ಕೆಳಗೆ ನೋವು ತಿಳಿಯುವುದಿಲ್ಲ, ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಇದು ಸ್ಥಳೀಯ ಅಥವಾ ಭಾಗಶಃ ಅರಿವಳಿಕೆ. ಇನ್ನೊಂದು ತುದಿಯಲ್ಲಿ ಸಂಪೂರ್ಣ ಅರಿವಳಿಕೆ ಇದೆ. ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ರೋಗಿಗೆ ಯಾವುದರ ಅರಿವೂ ಇರದಂತೆ ಮಾಡಿ, ಹೆಚ್ಚಾಗಿ ಗಂಟಲಿಗೆ ಕೊಳವೆ ಹಾಕಿ ಉಸಿರಾಟವನ್ನು ಯಂತ್ರಕ್ಕೆ ವಹಿಸುತ್ತಾರೆ.

ಈ ಎರಡರ ನಡುವಿನದು ಮಂಪರು, ಆಸ್ಪತ್ರೆಯ ಮಾತಿನಲ್ಲಿ ಸೆಡೇಷನ್. ಹೆದರಿಕೆ ಇಳಿಯಬೇಕು, ಮೈ ಸಡಿಲವಾಗಬೇಕು, ಅಲುಗಾಡದೆ ಮಲಗಿರಬೇಕು, ಆದರೆ ಉಸಿರು ಮಾತ್ರ ರೋಗಿಯದೇ ಆಗಿರಬೇಕು. ಜಾರಿದ ಭುಜವನ್ನು ಮತ್ತೆ ಕೂರಿಸುವಾಗ, ದೊಡ್ಡ ಕರುಳನ್ನು ಕ್ಯಾಮೆರಾದಿಂದ ನೋಡುವಾಗ, ಸದ್ದು ಮಾಡುವ ಎಂಆರ್‌ಐ ಯಂತ್ರದೊಳಗೆ ಪುಟ್ಟ ಮಗುವನ್ನು ಮಲಗಿಸುವಾಗ ಬೇಕಾಗುವುದು ಇಷ್ಟೇ. ಎಷ್ಟೋ ಸಲ ಇದೂ ಬೇಕಾಗುವುದಿಲ್ಲ. ಹೊಟ್ಟೆಯ ಎಂಡೋಸ್ಕೋಪಿಯನ್ನು ಗಂಟಲಿಗೆ ಮರಗಟ್ಟಿಸುವ ಔಷಧ ಸಿಂಪಡಿಸಿಯೇ ಮುಗಿಸಬಹುದು; ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೂ ಹೆಚ್ಚಿನವರಿಗೆ ಕಣ್ಣಿನ ಹನಿ ಅಥವಾ ಕಣ್ಣಿನ ಬಳಿ ಕೊಡುವ ಸೂಜಿ ಸಾಕು.

ಮೆಟ್ಟಿಲುಬಾವಿಗೆ ಇಳಿದ ಹಾಗೆ

ನಮ್ಮ ಕಡೆಯ ಹಳೆಯ ಮೆಟ್ಟಿಲುಬಾವಿಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಬ್ಬರು ಇಳಿಯುತ್ತಿದ್ದಾರೆ, ಇನ್ನೊಬ್ಬರು ಮೇಲೆ ನಿಂತು ಕೂಗುತ್ತಿದ್ದಾರೆ.

ಮೊದಲ ನಾಲ್ಕು ಮೆಟ್ಟಿಲು ಇಳಿದಾಗ ನೆರಳು, ತಂಪು, ಒಂದಿಷ್ಟು ನಿರಾಳ. ಮೇಲಿನವರ ಮಾತೆಲ್ಲ ಕೇಳುತ್ತದೆ, ಉತ್ತರವನ್ನೂ ಕೊಡಬಹುದು. ಇದು ಲಘು ಮಂಪರು. ಇನ್ನಷ್ಟು ಇಳಿದರೆ ಕಣ್ಣು ಮುಚ್ಚುತ್ತದೆ, ಆದರೂ ಹೆಸರು ಹಿಡಿದು ಕರೆದರೆ, ಹೆಗಲು ಮುಟ್ಟಿದರೆ ಓಗೊಡುತ್ತಾರೆ. "ಎಡಕ್ಕೆ ಹೊರಳಿ" ಎಂದರೆ ಹೊರಳುತ್ತಾರೆ. ಇದು ಮಧ್ಯಮ ಮಂಪರು. ಹೆಚ್ಚಿನ ಪರೀಕ್ಷೆಗಳಿಗೆ ಇಲ್ಲಿಯವರೆಗೆ ಇಳಿದರೆ ಸಾಕು. ಇದಕ್ಕೂ ಕೆಳಗೆ ಹೋದರೆ ಒಂದು ಕೂಗಿಗೆ ಉತ್ತರ ಬರುವುದಿಲ್ಲ. ಮತ್ತೆ ಮತ್ತೆ ಅಲುಗಾಡಿಸಬೇಕು, ಇಲ್ಲವೇ ನೋವಾಗುವಂತೆ ಚಿವುಟಬೇಕು. ಅಲ್ಲಿ ಉಸಿರಿಗೂ ಆಸರೆ ಬೇಕಾಗಬಹುದು. ಇದು ಗಾಢ ಮಂಪರು. ತಳದ ನೀರು ಮುಟ್ಟಿದರೆ ಸಂಪೂರ್ಣ ಅರಿವಳಿಕೆ. ನೋವು ಮಾಡಿದರೂ ಎಚ್ಚರವಾಗುವುದಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಈ ಬಾವಿಯಲ್ಲಿ ಒಂದು ಹಂತಕ್ಕೂ ಇನ್ನೊಂದಕ್ಕೂ ನಡುವೆ ಗೋಡೆಯಿಲ್ಲ, ಬಾಗಿಲಿಲ್ಲ. ಒಬ್ಬರನ್ನು ಎರಡನೆಯ ಹಂತದಲ್ಲಿ ನಿಲ್ಲಿಸಿದ ಅದೇ ಪ್ರಮಾಣದ ಔಷಧ ಇನ್ನೊಬ್ಬರನ್ನು ಮೂರನೆಯದಕ್ಕೆ ಜಾರಿಸಬಹುದು. ವಯಸ್ಸು, ತೂಕ, ಮೂತ್ರಪಿಂಡ, ಯಕೃತ್ತು, ದಿನವೂ ನುಂಗುವ ಮಾತ್ರೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅದಕ್ಕಾಗಿಯೇ ವೈದ್ಯರು ಸೂಜಿಯನ್ನು ಒಮ್ಮೆಲೇ ಒತ್ತದೆ ಸ್ವಲ್ಪ ಕೊಟ್ಟು, ಕಾದು, ನೋಡಿ, ಮತ್ತೆ ಸ್ವಲ್ಪ ಕೊಡುತ್ತಾರೆ. ರೋಗಿಯನ್ನು ಎರಡನೆಯ ಹಂತಕ್ಕೆ ಇಳಿಸಲು ಹೊರಟವರಿಗೆ ಮೂರನೆಯ ಹಂತದಿಂದ ಮೇಲೆತ್ತುವುದೂ ಬರಬೇಕು ಎಂಬುದು ಈ ವಿದ್ಯೆಯ ಮೂಲ ನಿಯಮ.

ಸೂಜಿಯೊಳಗೆ ಏನಿದೆ?

ಮಿದುಳಿನ ನರಕೋಶಗಳು ಸದಾ ಒಂದಕ್ಕೊಂದು ಸಂದೇಶ ಕಳಿಸುತ್ತಿರುತ್ತವೆ. ಆ ಓಟಕ್ಕೆ ಬ್ರೇಕ್ ಹಾಕುವ ರಾಸಾಯನಿಕವೊಂದು ಮಿದುಳಿನಲ್ಲೇ ಇದೆ, ಅದರ ಹೆಸರು ಗಾಬಾ. ಮಂಪರಿನ ಹೆಚ್ಚಿನ ಔಷಧಗಳು ಈ ಬ್ರೇಕನ್ನು ಇನ್ನಷ್ಟು ಬಿಗಿಯಾಗಿ ಒತ್ತುತ್ತವೆ.

ಮಿಡಜೊಲಾಮ್ ಅಂಥದ್ದು. ರಕ್ತನಾಳಕ್ಕೆ ಕೊಟ್ಟ ಎರಡು ಮೂರು ನಿಮಿಷಗಳಲ್ಲಿ ಹೆದರಿಕೆ ಇಳಿಯುತ್ತದೆ. ಇದಕ್ಕೆ ಇನ್ನೊಂದು ವಿಚಿತ್ರ ಗುಣವಿದೆ: ಆ ಹೊತ್ತಿನ ನೆನಪು ಮನಸ್ಸಿನಲ್ಲಿ ಕೂರುವುದೇ ಇಲ್ಲ. ರೋಗಿ ಮಾತನಾಡಿರುತ್ತಾರೆ, ಹೇಳಿದ ಹಾಗೆ ಹೊರಳಿರುತ್ತಾರೆ, ಆಮೇಲೆ ಕೇಳಿದರೆ ಏನೂ ಗೊತ್ತಿಲ್ಲ ಎನ್ನುತ್ತಾರೆ. ಪಾಟಿಯ ಮೇಲೆ ನೀರಿನಿಂದ ಬರೆದ ಅಕ್ಷರದಂತೆ. ಬರೆದದ್ದು ನಿಜ, ಉಳಿಯುವುದಿಲ್ಲ.

ಪ್ರೊಪೊಫಾಲ್ ನೋಡಲು ಥೇಟು ಹಾಲು. ನೀರಿನಲ್ಲಿ ಕರಗದ ಈ ಔಷಧವನ್ನು ಸೋಯಾ ಎಣ್ಣೆ ಮತ್ತು ಮೊಟ್ಟೆಯ ಹಳದಿಯಿಂದ ತೆಗೆದ ಕೊಬ್ಬಿನಂಶದೊಂದಿಗೆ ಬೆರೆಸಿರುತ್ತಾರೆ, ಅದಕ್ಕೇ ಆ ಬಿಳುಪು. ಜಾನ್ ಗ್ಲೆನ್ ಎಂಬ ಪಶುವೈದ್ಯರು ಇದನ್ನು ಅಭಿವೃದ್ಧಿಪಡಿಸಿದರು, 1986ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂತು. ಅರ್ಧ ನಿಮಿಷದಲ್ಲಿ ಕಣ್ಣು ಮುಚ್ಚಿಸುತ್ತದೆ, ಒಂದು ಸಲದ ಪ್ರಮಾಣವಾದರೆ ಹತ್ತು ನಿಮಿಷದೊಳಗೆ ಬಿಡುತ್ತದೆ. ಎದ್ದವರು ತಾಜಾ ಇರುತ್ತಾರೆ. ಹೀಗಾಗಿ ವೈದ್ಯರಿಗೂ ರೋಗಿಗಳಿಗೂ ಇದು ಅಚ್ಚುಮೆಚ್ಚು. ಆದರೆ ಮೆಟ್ಟಿಲುಬಾವಿಯಲ್ಲಿ ಅತಿ ಬೇಗ ಜಾರಿಸುವುದೂ ಇದೇ.

ಈ ಎರಡು ಔಷಧಗಳೂ ನೋವು ಕಳೆಯುವುದಿಲ್ಲ. ಮಂಪರೇ ಬೇರೆ, ನೋವು ನಿವಾರಣೆಯೇ ಬೇರೆ. ಅದಕ್ಕೆಂದು ಫೆಂಟನಿಲ್‌ನಂಥ ನೋವಿನ ಮದ್ದನ್ನು ಜೊತೆಗೆ ಕೊಡುವುದುಂಟು. ಎರಡೂ ಸೇರಿದಾಗ ಉಸಿರನ್ನು ತಗ್ಗಿಸುವ ಬಲ ಎರಡನ್ನು ಕೂಡಿಸಿದ್ದಕ್ಕಿಂತ ಹೆಚ್ಚಾಗಬಹುದು, ಆದ್ದರಿಂದ ಎರಡರ ಪ್ರಮಾಣವನ್ನೂ ಇಳಿಸುತ್ತಾರೆ.

ಕೆಟಮೈನ್‌ನದು ಬೇರೆ ದಾರಿ. 1962ರಲ್ಲಿ ಅಮೆರಿಕದಲ್ಲಿ ತಯಾರಾಗಿ 1970ರಲ್ಲಿ ಅಲ್ಲಿ ಮಾನ್ಯತೆ ಪಡೆದ ಇದು ನೋವನ್ನೂ ಕಳೆಯುತ್ತದೆ, ಉಸಿರು ಮತ್ತು ರಕ್ತದೊತ್ತಡವನ್ನೂ ಬಹುಮಟ್ಟಿಗೆ ಉಳಿಸುತ್ತದೆ. ದೊಡ್ಡ ಸೌಕರ್ಯಗಳಿಲ್ಲದ ಆಸ್ಪತ್ರೆಗಳಿಗೆ ಇದೊಂದು ವರವೇ ಸರಿ. ಆದರೆ ನೋಡುವವರಿಗೆ ಗಾಬರಿಯಾಗಬಹುದು: ಮಗುವಿನ ಕಣ್ಣು ತೆರೆದೇ ಇರುತ್ತದೆ, ಗುಡ್ಡೆ ಅತ್ತಿತ್ತ ಆಡುತ್ತಿರುತ್ತದೆ, ಮಗು ಮಾತ್ರ ಇಲ್ಲಿ ಇರುವುದಿಲ್ಲ. ಎಚ್ಚರವಾಗುವಾಗ ಕೆಲವರು ಚಿತ್ರವಿಚಿತ್ರ ಕನಸು ಕಂಡು ಕಿರುಚುತ್ತಾರೆ. ಇದನ್ನು ತಾಯಿಗೆ ಮೊದಲೇ ಹೇಳಿಟ್ಟರೆ ಅರ್ಧ ಕಣ್ಣೀರು ಉಳಿಯುತ್ತದೆ.

ನಿಜವಾದ ಅಪಾಯ ಉಸಿರಿನಲ್ಲಿದೆ

ಮಂಪರು ಎಂದರೆ ಹೃದಯ ನಿಂತುಬಿಡುತ್ತದೆ ಎಂದು ಜನ ಹೆದರುತ್ತಾರೆ. ಸಾಮಾನ್ಯವಾಗಿ ಮೊದಲು ಎಡವುವುದು ಉಸಿರು. ಅದನ್ನು ಸರಿಪಡಿಸದೆ ಬಿಟ್ಟರೆ ಆಮೇಲೆ ಹೃದಯ.

ಉಸಿರು ಎಡವುವುದು ಎರಡು ಬಗೆಯಲ್ಲಿ. ಉಸಿರೆಳೆದುಕೋ ಎಂದು ಮಿದುಳು ಕೊಡುವ ಆಜ್ಞೆಯೇ ಮಂದವಾಗಬಹುದು. ಅಥವಾ ಆಜ್ಞೆ ಬರುತ್ತಿದ್ದರೂ ದಾರಿ ಕಟ್ಟಿಕೊಳ್ಳಬಹುದು: ನಾಲಿಗೆ, ಗಂಟಲಿನ ಸ್ನಾಯುಗಳು ಸಡಿಲವಾಗಿ ಹಿಂದಕ್ಕೆ ಬೀಳುತ್ತವೆ. ಗೊರಕೆ ಹೊಡೆಯುವವರ ಗಂಟಲಿನಲ್ಲಿ ಪ್ರತಿ ರಾತ್ರಿ ಅರೆಬರೆಯಾಗಿ ನಡೆಯುವುದು ಇದೇ. ಗದ್ದವನ್ನು ಮೇಲೆತ್ತಿ ಹಿಡಿದರೆ ಎಷ್ಟೋ ಸಲ ದಾರಿ ತೆರೆದುಕೊಳ್ಳುತ್ತದೆ. ಅಷ್ಟು ಸರಳ. ಆದರೆ ಎತ್ತಿ ಹಿಡಿಯುವ ಕೈ ಆ ಕ್ಷಣಕ್ಕೆ ಅಲ್ಲಿರಬೇಕು.

ಈ ಪಾಠದ ಒಂದು ದೊಡ್ಡ ಅಧ್ಯಾಯ ನಡೆದದ್ದು ನಮ್ಮ ಮನೆಯಂಗಳದಲ್ಲೇ ಎಂಬುದು ನನಗೆ ಈ ಓದಿನಲ್ಲಿ ಸಿಕ್ಕ ಅಚ್ಚರಿ. 1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮ್ ಎಂಬ ಅರಿವಳಿಕೆ ಔಷಧವನ್ನು ಬಳಕೆಗೆ ತಂದರು. ಮರುವರ್ಷ ಜನವರಿಯಲ್ಲೇ ಇಂಗ್ಲೆಂಡಿನಲ್ಲಿ ಕಾಲುಗುರು ತೆಗೆಸಿಕೊಳ್ಳಲು ಬಂದ 15 ವರ್ಷದ ಹುಡುಗಿ ಅದರಿಂದ ತೀರಿಕೊಂಡಳು. ಮೊದಲು ನಿಲ್ಲುವುದು ಹೃದಯವೋ ಉಸಿರೋ ಎಂಬ ವಾದ ದಶಕಗಟ್ಟಲೆ ನಡೆಯಿತು. ಆಗ ಹೈದರಾಬಾದಿನಲ್ಲಿದ್ದ ಎಡ್ವರ್ಡ್ ಲಾರಿ ಎಂಬ ಶಸ್ತ್ರವೈದ್ಯ, ಉಸಿರನ್ನು ಕಾದರೆ ಸಾಕು ಎಂದು ಹಟ ಹಿಡಿದರು. 1888 ಮತ್ತು 1889ರಲ್ಲಿ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗಗಳು ಪ್ರಾಣಿಗಳ ಮೇಲೆ ನೂರಾರು ಪ್ರಯೋಗ ನಡೆಸಿದವು. ಎರಡನೆಯದಕ್ಕೆ ಲಂಡನ್ನಿನಿಂದ ತಜ್ಞರನ್ನು ಕರೆಸಲು ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ 1,000 ಪೌಂಡ್ ಕೊಟ್ಟರು. ಕಲಬುರಗಿ, ಬೀದರ್, ಯಾದಗಿರಿ ಆಗ ಅದೇ ನಿಜಾಮರ ಸಂಸ್ಥಾನದಲ್ಲಿದ್ದವು. ಹೈದರಾಬಾದಿನ ವೈದ್ಯಕೀಯ ಶಾಲೆಯಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಅದೇ ಕಾಲದಲ್ಲಿ ರೋಗಿಗಳಿಗೆ ಕ್ಲೋರೋಫಾರ್ಮ್ ಕೊಡುತ್ತಿದ್ದರು. ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಅವರ ಹೆಸರಿದೆ.

ಲಾರಿ ಹೇಳಿದ್ದು ಪೂರ್ತಿ ಸರಿಯಾಗಿರಲಿಲ್ಲ. ಕ್ಲೋರೋಫಾರ್ಮ್ ಕೆಲವೊಮ್ಮೆ ನೇರವಾಗಿ ಹೃದಯದ ಲಯವನ್ನೇ ಕೆಡಿಸುತ್ತದೆ ಎಂದು 1911ರಲ್ಲಿ ಗುಡ್‌ಮನ್ ಲೆವಿ ಎಂಬ ವೈದ್ಯರು ತೋರಿಸಿದರು. ಆ ಔಷಧ ಕ್ರಮೇಣ ಮೂಲೆಗೆ ಸರಿಯಿತು. ಆದರೆ ಉಸಿರಿನ ಮೇಲಿನ ಕಣ್ಣು ತೆಗೆಯಬಾರದು ಎಂಬ ಲಾರಿಯವರ ಮಾತನ್ನು ಇಂದಿನ ಯಾವ ಅರಿವಳಿಕೆ ತಜ್ಞರೂ ತಳ್ಳಿಹಾಕುವುದಿಲ್ಲ.

ಬೆರಳಿನ ಕ್ಲಿಪ್ ಮತ್ತು ಎದೆಯ ಏರಿಳಿತ

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ಕಲಬುರಗಿಯಲ್ಲಿ. ಆಮೇಲಿನ ಎರಡು ವರ್ಷಗಳಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರ್ ಹಳ್ಳಿಹಳ್ಳಿಗೂ ಬಂತು. 95ರ ಮೇಲಿದ್ದರೆ ನೆಮ್ಮದಿ, ಇಳಿದರೆ ಎದೆ ಹೊಡೆದುಕೊಳ್ಳುವುದು. ಆ ದಿನಗಳನ್ನು ಯಾರೂ ಮರೆತಿಲ್ಲ. ಜಪಾನಿನ ಟಾಕುವೊ ಅವೊಯಾಗಿ 1970ರ ದಶಕದಲ್ಲಿ ಕಂಡುಹಿಡಿದ ಈ ತಂತ್ರವೇ ಮಂಪರಿನ ಕೋಣೆಯಲ್ಲೂ ಕಾವಲು ಕೂರುತ್ತದೆ. ಬೆರಳಿನ ಮೂಲಕ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಹಾಯಿಸಿ, ರಕ್ತ ಅವನ್ನು ಎಷ್ಟು ಹೀರಿತು ಎಂಬುದರ ಮೇಲೆ ಆಮ್ಲಜನಕದ ಲೆಕ್ಕ ಹೇಳುತ್ತದೆ. ಉಗುರಿನ ದಟ್ಟ ಬಣ್ಣ, ಕಪ್ಪು ಮೆಹಂದಿ ಬೆಳಕಿಗೆ ಅಡ್ಡ ಬರಬಹುದು. ಒಂದೆರಡು ಬೆರಳನ್ನಾದರೂ ಬರಿದಾಗಿ ಬಿಡಿ.

ಆಸ್ಪತ್ರೆಯ ಯಂತ್ರದ "ಟಿಣ್ ಟಿಣ್" ಸದ್ದನ್ನು ಕಿವಿಗೊಟ್ಟು ಕೇಳಿ. ಒಂದೊಂದು ಟಿಣ್ಣೂ ನಾಡಿಯ ಒಂದೊಂದು ಬಡಿತ. ಆಮ್ಲಜನಕ ಇಳಿದಂತೆ ಆ ಸ್ವರವೂ ಕೆಳಗಿಳಿಯುತ್ತದೆ, ಹಾರ್ಮೋನಿಯಂನಲ್ಲಿ ಮೇಲಿನ ಸ್ವರದಿಂದ ಕೆಳಗಿನದಕ್ಕೆ ಬೆರಳು ಸರಿಸಿದ ಹಾಗೆ. ಪರದೆಗೆ ಬೆನ್ನು ಹಾಕಿ ನಿಂತ ಅರಿವಳಿಕೆ ತಜ್ಞರು ಸಟ್ಟನೆ ತಿರುಗುವುದು ಈ ಸ್ವರ ಇಳಿದಾಗಲೇ.

ಹಾಗೆಂದು ಈ ಕ್ಲಿಪ್ಪನ್ನೇ ನಂಬಿ ಕೂರುವಂತಿಲ್ಲ. ಏಕೆ ಎಂದು ತಿಳಿಯಲು ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೋಡಿ. ಮೋಟಾರು ಕೆಟ್ಟು ನಿಂತರೂ ಟ್ಯಾಂಕಿನಲ್ಲಿ ನೀರಿರುವವರೆಗೆ ನಲ್ಲಿಯಲ್ಲಿ ನೀರು ಬರುತ್ತಲೇ ಇರುತ್ತದೆ. ನಲ್ಲಿ ನೋಡಿಕೊಂಡು ಕೂತವರಿಗೆ ಮೋಟಾರು ನಿಂತದ್ದು ತಡವಾಗಿ ತಿಳಿಯುತ್ತದೆ. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ ರೋಗಿಯ ಶ್ವಾಸಕೋಶ ತುಂಬಿದ ಟ್ಯಾಂಕು ಇದ್ದಂತೆ. ಉಸಿರು ನಿಂತ ಮೇಲೂ ಬೆರಳಿನ ಅಂಕಿ ಕೆಲಹೊತ್ತು 99 ಎಂದೇ ತೋರಿಸಬಹುದು. ಮೋಟಾರನ್ನೇ ನೋಡುವ ಇನ್ನೊಂದು ಯಂತ್ರವಿದೆ, ಕ್ಯಾಪ್ನೋಗ್ರಾಫ್. ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಳೆದು ಪ್ರತಿ ಉಸಿರಿಗೂ ಒಂದು ಅಲೆ ಬರೆಯುತ್ತದೆ. ಅಲೆ ನಿಂತರೆ ಉಸಿರು ನಿಂತಿತೆಂದೇ ಅರ್ಥ. ಇವೆಲ್ಲದರ ಜೊತೆಗೆ ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಲೇ ಇರುವ ಒಬ್ಬ ಮನುಷ್ಯ ಬೇಕು. ಅವರು ಕ್ಯಾಮೆರಾ ಹಿಡಿದವರಾಗಿರಬಾರದು, ಬೇರೆಯವರಾಗಿರಬೇಕು.

ಇನ್ನೊಂದು ಸೂಕ್ಷ್ಮವಿದೆ. ಭುಜ ಕೂರಿಸುವಾಗಿನ ನೋವು, ಕ್ಯಾಮೆರಾದ ಕಿರಿಕಿರಿ ರೋಗಿಯನ್ನು ಅಷ್ಟಿಷ್ಟು ಎಚ್ಚರವಾಗಿ ಇಟ್ಟಿರುತ್ತವೆ. ಕೆಲಸ ಮುಗಿದು ಎಲ್ಲರೂ ಕೈಗವಸು ಕಳಚುವ ಹೊತ್ತಿಗೆ ಆ ಕಿರಿಕಿರಿ ನಿಲ್ಲುತ್ತದೆ, ಔಷಧ ಮಾತ್ರ ರಕ್ತದಲ್ಲಿ ಇನ್ನೂ ಇರುತ್ತದೆ. ರೋಗಿ ಮತ್ತೆರಡು ಮೆಟ್ಟಿಲು ಕೆಳಗೆ ಜಾರುವುದು ಆಗಲೇ. ಪರೀಕ್ಷೆ ಮುಗಿದರೂ ಕ್ಲಿಪ್ ಬಿಚ್ಚದೆ ಇನ್ನೊಂದು ಕೋಣೆಯಲ್ಲಿ ಮಲಗಿಸುವುದು ಅದಕ್ಕೇ. ಮಿಡಜೊಲಾಮ್ ಹೆಚ್ಚಾಯಿತೆಂದರೆ ಫ್ಲುಮಾಜೆನಿಲ್, ಫೆಂಟನಿಲ್ ಹೆಚ್ಚಾಯಿತೆಂದರೆ ನಲಾಕ್ಸೋನ್ ಎಂಬ ಪ್ರತಿಮದ್ದುಗಳಿವೆ. ಪ್ರೊಪೊಫಾಲ್‌ಗೆ ಪ್ರತಿಮದ್ದು ಇಲ್ಲ. ಅದು ತಾನಾಗಿ ಇಳಿಯುವವರೆಗೆ ಉಸಿರನ್ನು ಕೈಯಾರೆ ನಡೆಸಬೇಕು.

ಅರ್ಧ ಕಪ್ ಚಹಾದ ಕಥೆ

ಎಚ್ಚರವಾಗಿರುವಾಗ ಒಂದು ಅಗುಳು ತಪ್ಪಿ ಶ್ವಾಸನಾಳಕ್ಕೆ ಹೋದರೆ ನಾವು ಕೆಮ್ಮಿ ಕೆಮ್ಮಿ ಹೊರಹಾಕುತ್ತೇವೆ. ಮಂಪರು ಆಳವಾದಾಗ ಈ ಕಾವಲುಗಾರನೂ ಮಲಗಿಬಿಡುತ್ತಾನೆ. ಹೊಟ್ಟೆಯ ಬಾಯಿಯನ್ನು ಬಿಗಿಹಿಡಿದ ಸ್ನಾಯುವೂ ಸಡಿಲವಾಗುತ್ತದೆ. ಆಗ ಹೊಟ್ಟೆಯಲ್ಲಿರುವುದು ಸದ್ದಿಲ್ಲದೆ ಗಂಟಲಿಗೇರಿ ಶ್ವಾಸಕೋಶಕ್ಕೆ ಇಳಿಯಬಹುದು. ಜೊತೆಗೆ ಹೊಟ್ಟೆಯ ಆಮ್ಲವೂ ಇರುತ್ತದೆ. ಇದು ಅಪರೂಪ, ಆದರೆ ಸಂಭವಿಸಿದರೆ ಜೀವಕ್ಕೇ ಕುತ್ತು.

ಆದ್ದರಿಂದ ಯೋಜಿಸಿ ಮಾಡುವ ಪರೀಕ್ಷೆಗೆ ಮೊದಲು ಹೊಟ್ಟೆ ಖಾಲಿ ಇರಬೇಕು. ಜಗತ್ತಿನ ಹೆಚ್ಚಿನ ಕಡೆ ಪಾಲಿಸುವ ಲೆಕ್ಕ ಎರಡು, ನಾಲ್ಕು, ಆರು, ಎಂಟು. ನೀರಿನಂಥ ತಿಳಿ ಪಾನೀಯಕ್ಕೆ 2 ಗಂಟೆ, ತಾಯಿಯ ಹಾಲಿಗೆ 4 ಗಂಟೆ, ಹಗುರ ತಿಂಡಿಗೆ ಹಾಗೂ ಹಸು-ಎಮ್ಮೆಯ ಹಾಲಿಗೆ 6 ಗಂಟೆ, ಎಣ್ಣೆ, ಮಾಂಸ, ತುಪ್ಪದ ಊಟಕ್ಕೆ 8 ಗಂಟೆ ಅಥವಾ ಅದಕ್ಕೂ ಹೆಚ್ಚು.

ಇದನ್ನು ನಮ್ಮ ಅಡುಗೆಮನೆಗೆ ತಂದು ನೋಡೋಣ. ರಾತ್ರಿ ಮದುವೆಮನೆಯಲ್ಲಿ ಉಂಡ ಬಿರಿಯಾನಿಗೂ ಮಿರ್ಚಿ ಭಜಿಗೂ ಎಂಟು ಗಂಟೆ ಬೇಕು. ಜೋಳದ ರೊಟ್ಟಿ, ಎಣ್ಣೆಗಾಯಿ ತಿಂದವರೂ ಎಂಟರ ಲೆಕ್ಕವನ್ನೇ ಹಿಡಿಯುವುದು ಕ್ಷೇಮ. ಮಜ್ಜಿಗೆ, ಅಂಬಲಿ ಕುಡಿಯುವಂಥವೇ ಆದರೂ ತಿಳಿ ಪಾನೀಯಗಳಲ್ಲ. ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣಬೇಕು, ಅದು ತಿಳಿ ಪಾನೀಯ. ಹಾಲು ಹೊಟ್ಟೆಯ ಆಮ್ಲ ಸೋಕಿದ ಕೂಡಲೇ ಒಡೆದು ಗಡ್ಡೆಯಾಗುತ್ತದೆ. ಲೋಟದಲ್ಲಿ ನೀರಿನ ಹಾಗಿದ್ದದ್ದು ಹೊಟ್ಟೆಯಲ್ಲಿ ಆಹಾರವೇ. ಚಿಗವ್ವ ಕುಡಿದ ಅರ್ಧ ಕಪ್ಪಿನಲ್ಲಿ ಹಾಲು ಇತ್ತು. ಸಿಸ್ಟರ್ ವಾಪಸ್ ಕಳಿಸಿದ್ದು ಸರಿಯಾಗಿಯೇ ಇತ್ತು. ಕಾರಣವನ್ನು ಎರಡು ಮಾತಿನಲ್ಲಿ ಹೇಳಿದ್ದರೆ ಆಕೆ ಬಸ್ಸಿನುದ್ದಕ್ಕೂ ಕಣ್ಣೊರೆಸಿಕೊಳ್ಳುತ್ತಿರಲಿಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. "ರಾತ್ರಿ ಹತ್ತರಿಂದ ಹನಿ ನೀರೂ ಬೇಡ" ಎಂಬ ಮಾತು ಇನ್ನೂ ಹಲವು ಕಡೆ ಚಾಲ್ತಿಯಲ್ಲಿದೆ. ಮೇ ತಿಂಗಳ ಕಲಬುರಗಿಯ ಬಿಸಿಲಿನಲ್ಲಿ ಮಧ್ಯಾಹ್ನದವರೆಗೆ ಸರದಿ ಕಾಯುವ ಮುದುಕರು ಬಾಯಾರಿ ಬಸವಳಿಯುತ್ತಾರೆ, ರಕ್ತದೊತ್ತಡ ಕುಸಿಯುತ್ತದೆ. ಎರಡು ಗಂಟೆ ಮೊದಲಿನವರೆಗೆ ನೀರು ಕುಡಿಯಬಹುದೇ ಎಂದು ದಿನ ಗೊತ್ತು ಮಾಡುವಾಗಲೇ ಕೇಳಿ. ಮಧುಮೇಹ ಹಳೆಯದಾದವರಿಗೆ, ಸಕ್ಕರೆ ಕಾಯಿಲೆಗೂ ತೂಕ ಇಳಿಸಲೂ ಕೊಡುವ ಸೆಮಾಗ್ಲುಟೈಡ್‌ನಂಥ ಔಷಧ ತೆಗೆದುಕೊಳ್ಳುವವರಿಗೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಅವರ ಲೆಕ್ಕ ಬೇರೆ. ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆಗಳಲ್ಲಿ ಯಾವುದು ನುಂಗಬೇಕು, ಯಾವುದು ಬಿಡಬೇಕು ಎಂಬುದನ್ನೂ ವೈದ್ಯರೇ ಹೇಳಬೇಕು.

ಮುಚ್ಚಿಡಬಾರದ ಮಾತುಗಳು

ಗೊರಕೆ, ಆಸ್ತಮಾ, ಔಷಧದ ಅಲರ್ಜಿ, ಅಲುಗಾಡುವ ಹಲ್ಲು, ಹಿಂದೆ ಅರಿವಳಿಕೆ ಕೊಟ್ಟಾಗ ಆದ ತೊಂದರೆ, ಬೀಡಿ, ಗುಟ್ಕಾ ಎಲ್ಲವನ್ನೂ ಹೇಳಬೇಕು. ನಮ್ಮ ಭಾಗದಲ್ಲಿ ಹೇಳಲು ಹಿಂಜರಿಯುವ ಇನ್ನೊಂದು ಸಂಗತಿ ಸೇಂದಿ.

ಕಲಬುರಗಿ, ಯಾದಗಿರಿ ಕಡೆಯ ಕಲಬೆರಕೆ ಸೇಂದಿಗೆ ಬೆರೆಸುವ ಸಿ.ಎಚ್. ಪೌಡರ್ ಮೇಲೆ ಅಬಕಾರಿ ದಾಳಿಯಾದ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಸಿ.ಎಚ್. ಎಂದರೆ ಕ್ಲೋರಲ್ ಹೈಡ್ರೇಟ್. ಅದು ಮೂಲತಃ ಮಂಪರಿನ ಔಷಧವೇ. 1832ರಲ್ಲಿ ಜರ್ಮನಿಯಲ್ಲಿ ತಯಾರಾಗಿ 1869ರಿಂದ ನಿದ್ರೆಯ ಮದ್ದಾಗಿ ಬಳಕೆಯಾಯಿತು, ಸ್ಕ್ಯಾನ್‌ಗೆ ಮಕ್ಕಳನ್ನು ಮಲಗಿಸಲೂ ಕೊಡುತ್ತಿದ್ದರು. ಇಂಥ ಸೇಂದಿ ಅಥವಾ ಮದ್ಯವನ್ನು ದಿನವೂ ಕುಡಿಯುವವರ ಮಿದುಳು ಆ ಬ್ರೇಕಿಗೆ ಒಗ್ಗಿಹೋಗಿರುತ್ತದೆ, ಮಾಮೂಲಿ ಪ್ರಮಾಣ ಸಾಲದೆ ಹೋಗಬಹುದು. ಅದೇ ಬೆಳಿಗ್ಗೆ ಕುಡಿದು ಬಂದಿದ್ದರೆ ಎರಡೂ ಸೇರಿ ಉಸಿರನ್ನೇ ಅಡಗಿಸಬಹುದು. ಆಸ್ಪತ್ರೆಗೆ ಸೇರಿದ್ದರಿಂದ ಕುಡಿತ ಹಠಾತ್ತನೆ ನಿಂತರೆ ಕೈನಡುಕ, ಬಡಬಡಿಕೆ, ಫಿಟ್ಸ್ ಬರಬಹುದು. ಮಗಳ ಮುಂದೆ, ಸೊಸೆಯ ಮುಂದೆ ಹೇಳಲು ನಾಚಿಕೆಯಾದರೆ ಅವರನ್ನು ಹೊರಗೆ ಕಳಿಸಿ ವೈದ್ಯರಿಗೊಬ್ಬರಿಗೇ ಹೇಳಬಹುದು. ಅವರು ಕೇಳುವುದು ಔಷಧದ ಪ್ರಮಾಣ ನಿರ್ಧರಿಸಲು, ತೀರ್ಪು ಕೊಡಲು ಅಲ್ಲ.

ಒಪ್ಪಿಗೆ ಪತ್ರದ ವಿಷಯವೂ ಇಲ್ಲೇ ಬರುತ್ತದೆ. ಅದು ಎಷ್ಟೋ ಸಲ ಇಂಗ್ಲಿಷಿನಲ್ಲಿರುತ್ತದೆ. ನಮ್ಮ ವಾರ್ಡುಗಳಲ್ಲಿ ಕನ್ನಡ, ದಖನಿ ಉರ್ದು, ತೆಲುಗು, ಮರಾಠಿ, ಲಂಬಾಣಿ ಎಲ್ಲವೂ ಕೇಳಿಸುತ್ತವೆ. ನಮ್ಮ ಭಾಷೆಯಲ್ಲಿ ಓದಿ ಹೇಳಿ ಎಂದು ಕೇಳುವುದು ರೋಗಿಯ ಹಕ್ಕು. ಮಂಪರು ಕೊಡುವವರು ಯಾರು, ಪರೀಕ್ಷೆಯುದ್ದಕ್ಕೂ ನನ್ನನ್ನು ನೋಡುತ್ತಿರುವವರು ಯಾರು, ಆಮ್ಲಜನಕ ಕೋಣೆಯಲ್ಲೇ ಇದೆಯೇ ಎಂದೂ ಅಂಜದೆ ಕೇಳಬಹುದು.

ಮಕ್ಕಳು ಮತ್ತು ಹಿರಿಯರು

ಮಕ್ಕಳು ದೊಡ್ಡವರ ಚಿಕ್ಕ ಪ್ರತಿಯಲ್ಲ. ಅವರ ನಾಲಿಗೆ ಬಾಯಿಯ ಅಳತೆಗೆ ದೊಡ್ಡದು, ಉಸಿರಿನ ದಾರಿ ಕಿರಿದು, ಆಮ್ಲಜನಕದ ಟ್ಯಾಂಕು ಸಣ್ಣದು, ಖರ್ಚು ಹೆಚ್ಚು. ಹಾಗಾಗಿ ಅವರಲ್ಲಿ ಎಲ್ಲವೂ ಬೇಗ ನಡೆಯುತ್ತದೆ. ತಿಂಗಳೊಳಗಿನ ಕೂಸಾದರೆ ಔಷಧವಿಲ್ಲದೆಯೂ ಆಗಬಹುದು: ಹಾಲೂಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಕೂಸು ತಾನಾಗಿ ಮಲಗಿದಾಗ ಸ್ಕ್ಯಾನ್ ಮುಗಿಸುತ್ತಾರೆ. ದೊಡ್ಡ ಮಕ್ಕಳಿಗೆ ಉಪವಾಸವೇ ಕಷ್ಟ. ಅಳುತ್ತಿದೆ ಎಂದು ಅಜ್ಜಿ ಸೆರಗಿನ ಮರೆಯಲ್ಲಿ ಕೊಟ್ಟ ಒಂದು ಬಿಸ್ಕತ್ತು ಆರು ಗಂಟೆಯ ಲೆಕ್ಕವನ್ನು ಮೊದಲಿನಿಂದ ಶುರು ಮಾಡುತ್ತದೆ. ಕೊಟ್ಟಿದ್ದರೆ ದಯವಿಟ್ಟು ಹೇಳಿಬಿಡಿ.

ಹಿರಿಯರಿಗೆ ಕಡಿಮೆ ಔಷಧ ಸಾಕು, ಅದು ಏರುವುದೂ ಇಳಿಯುವುದೂ ನಿಧಾನ. ಕೆಲವರಿಗೆ ಎದ್ದ ಮೇಲೆ ಒಂದೆರಡು ದಿನ ಗಲಿಬಿಲಿ ಇರಬಹುದು. ಮನೆಯವರ ಗುರುತು ತಪ್ಪುವುದು, ರಾತ್ರಿ ಎದ್ದು ಓಡಾಡುವುದು. ಕನ್ನಡಕ, ಕಿವಿಯ ಯಂತ್ರವನ್ನು ಬೇಗ ಮರಳಿ ಹಾಕಿ, ಪರಿಚಯದ ಮುಖ ಪಕ್ಕದಲ್ಲಿದ್ದರೆ ಹೆಚ್ಚಿನವರು ಬೇಗ ಸರಿಹೋಗುತ್ತಾರೆ.

ಜನ ಕೇಳುವ ಕೆಲವು ಪ್ರಶ್ನೆಗಳು

ನಡುವೆ ಮಾತು ಕೇಳಿಸಿತು, ಸೂಜಿ ಹತ್ತಲಿಲ್ಲವೇ? ಮಧ್ಯಮ ಮಂಪರಿನಲ್ಲಿ ಮಾತು ಕೇಳಿಸುವುದು ಸಹಜ. ಅದು ತಪ್ಪಲ್ಲ, ಅಲ್ಲಿಯವರೆಗೆ ಇಳಿಸುವುದೇ ಉದ್ದೇಶ. ನೋವಾದರೆ ಮಾತ್ರ ಕೈ ಎತ್ತಿ ತಿಳಿಸಬೇಕು.

ಮನೆಯ ಗುಟ್ಟೆಲ್ಲ ಬಾಯಿಬಿಡುತ್ತೇನೆಯೇ? ಸಂಕೋಚ ತಗ್ಗಿ ಕೆಲವರು ವಟಗುಟ್ಟುತ್ತಾರೆ. ಆದರೆ ನಿಜವನ್ನೇ ಹೊರಡಿಸುವ ಔಷಧ ಎಂಬುದು ಯಾವುದೂ ಇಲ್ಲ.

ಹೊಟ್ಟೆಯಲ್ಲಿನ ಕ್ಯಾಮೆರಾಕ್ಕೆ ಮಂಪರು ಬೇಡ ಎನ್ನಬಹುದೇ? ಎನ್ನಬಹುದು. ಮಂಪರು ಇಲ್ಲದಿದ್ದರೆ ಓಕರಿಕೆ ಹೆಚ್ಚು, ಆದರೆ ಅರ್ಧ ಗಂಟೆಯಲ್ಲಿ ಎದ್ದು ಒಬ್ಬರೇ ಮನೆಗೆ ಹೋಗಬಹುದು.

ಮನೆಗೆ ಹೋದ ಮೇಲೆ

ಎದ್ದು ಕೂತು ಸರಿಯಾಗಿ ಮಾತನಾಡಿದ ಮಾತ್ರಕ್ಕೆ ಔಷಧ ಇಳಿದಿದೆ ಎನ್ನುವಂತಿಲ್ಲ. 24 ಗಂಟೆ ಬೈಕ್, ಟ್ರ್ಯಾಕ್ಟರ್ ಓಡಿಸಬಾರದು, ಬಾವಿಕಟ್ಟೆ, ಪಂಪ್‌ಸೆಟ್, ರಾಶಿ ಯಂತ್ರದ ಹತ್ತಿರ ಕೆಲಸ ಮಾಡಬಾರದು, ಕುಡಿಯಬಾರದು. ಹೊಲದ ಕಾಗದಕ್ಕಾಗಲಿ ಬ್ಯಾಂಕಿನ ಪತ್ರಕ್ಕಾಗಲಿ ಆ ದಿನ ಸಹಿ, ಹೆಬ್ಬೆಟ್ಟು ಬೇಡ. ಜೊತೆಗೆ ಒಬ್ಬರಿಲ್ಲದೆ ಸಾರಿಗೆ ಬಸ್ಸಿನಲ್ಲಿ ಊರಿಗೆ ಹೊರಡುವುದೂ ಬೇಡ. ಕರೆದರೆ ಏಳದಷ್ಟು ಮಂಪರು, ತುಟಿ ನೀಲಿಗಟ್ಟುವುದು, ಉಸಿರು ಕಟ್ಟುವುದು, ನಿಲ್ಲದ ವಾಂತಿ ಕಂಡರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಿ.

ಎರಡು ದಿನ ಬಿಟ್ಟು ಚಿಗವ್ವ ಮತ್ತೆ ಬಂದಳು, ಈ ಸಲ ಹಿಂದಿನ ರಾತ್ರಿಯೇ ಬಂದು ನಮ್ಮ ಮನೆಯಲ್ಲಿ ಉಳಿದಳು. ಪರೀಕ್ಷೆಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಹೊಟ್ಟೆಯಲ್ಲಿ ಸಣ್ಣ ಹುಣ್ಣು, ಮಾತ್ರೆಯಲ್ಲಿ ಮಾಯುವಂಥದ್ದು. ಹೊರಗೆ ತಂದು ಮಲಗಿಸಿದ ಮೇಲೆ ಆಕೆ ನನ್ನ ಕೈ ಹಿಡಿದು ಕೇಳಿದಳು, "ಯಾವಾಗ ಶುರು ಮಾಡುತ್ತಾರೆ?" ಮುಗಿಯಿತು ಎಂದೆ. ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ನಾಲ್ಕನೆಯ ಸಲ ಕೇಳುವ ಹೊತ್ತಿಗೆ ಪಕ್ಕದ ಹಾಸಿಗೆಯವರೂ ನನ್ನ ಜೊತೆ ಉತ್ತರ ಹೇಳಿದರು.

ಗಂಟಲಿನ ಮರಗಟ್ಟುವಿಕೆ ಬಿಡುವವರೆಗೆ ಏನೂ ಕೊಡಬೇಡಿ ಎಂದು ಸಿಸ್ಟರ್ ಹೇಳಿದ್ದರು. ಒಂದು ಗಂಟೆ ಕಳೆದ ಮೇಲೆ ಅವರೇ ಬಂದು, ಎಬ್ಬಿಸಿ ಕೂರಿಸಿ, ಒಂದು ಗುಟುಕು ನೀರು ಕುಡಿಸಿ ನೋಡಿದರು. ಕೆಮ್ಮು ಬರಲಿಲ್ಲ. ಇನ್ನೊಂದು ಗುಟುಕು. ಅದೂ ಸರಾಗವಾಗಿ ಇಳಿಯಿತು. "ಈಗ ಚಹಾ ಕುಡಿಯಬಹುದು" ಎಂದರು. ನಾನು ತರಲು ಕೆಳಗಿಳಿದೆ.